ನಮ್ಮ ಕ್ರಾಸಿನಲ್ಲಿ ಇಲ್ಲದ ಟ್ರಾನ್ಸ್‌ಫಾರ್ಮರ್

"ನಿಮ್ಮ ಕ್ರಾಸಲ್ಲಿ ಹೊಸ ಚರಂಡಿ ಆಗಿದೆಯಲ್ಲ ಮೇಡಂ," ಅಂದರು ಎಂಜಿನಿಯರ್ ಸಾಹೇಬರು, ಕಂಪ್ಯೂಟರಿನಿಂದ ತಲೆ ಎತ್ತದೆ. "ಹೋದ ವರ್ಷವೇ ಮುಗಿದಿದೆ. ಬಿಲ್ಲೂ ಪಾಸಾಗಿದೆ."

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಿಗಾದರೂ ಹೇಳುತ್ತಿದ್ದಾರೇನೋ ಅಂತ. ಹಿಂದೆ ಗೋಡೆ ಮಾತ್ರ ಇತ್ತು.

"ಯಾವ ಚರಂಡಿ ಸಾರ್? ನಾನು ಬೆಳಿಗ್ಗೆ ಆ ಕ್ರಾಸಿಂದಲೇ ನಡ್ಕೊಂಡು ಬಂದಿದೀನಿ."

"ಆರ್‌ಸಿಸಿ ಚರಂಡಿ, ಎರಡೂ ಕಡೆ, ಮೇಲೆ ಸ್ಲ್ಯಾಬ್." ಅವರು ಪರದೆ ಮೇಲೆ ಬೆರಳಿಟ್ಟು ಓದಿದರು. "ಒಂದ್ಸಲ ಕೆಲಸ ಆದ್ಮೇಲೆ ಅದೇ ಜಾಗಕ್ಕೆ ಮೂರು ವರ್ಷ ಇನ್ನೊಂದು ಕೆಲಸ ತಗೊಳಕ್ಕಾಗಲ್ಲ. ರೂಲ್ಸ್ ಇದೆ."

ನಾನು ಕೇಳಲು ಹೋಗಿದ್ದು ಇಷ್ಟೇ: ನಮ್ಮ ಕ್ರಾಸಿನ ಹಳೇ ಚರಂಡಿ ಹೂಳು ತುಂಬಿ ಸತ್ತಿದೆ, ಮಳೆ ಜೋರು ಹಿಡಿಯುವ ಮುಂಚೆ ಏನಾದರೂ ಮಾಡಿ. ಅದಕ್ಕೆ ಸಿಕ್ಕ ಉತ್ತರ, ನಿಮ್ಮಲ್ಲಿ ಹೊಸದೇ ಇದೆ, ಮೂರು ವರ್ಷ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಿ. ವಾರ್ಡ್ ಆಫೀಸಿನ ಮೆಟ್ಟಿಲಿಳಿದು ರಸ್ತೆಗೆ ಬರುವಷ್ಟರಲ್ಲಿ ನನಗೆ ಕಿವಿಯವರೆಗೆ ಬಿಸಿ ಏರಿತ್ತು. ಆಟೋದವನು ಎಲ್ಲಿಗೆ ಅಂತ ಕೇಳಿದ್ದಕ್ಕೆ ಅವನ ಮೇಲೂ ರೇಗಿದೆ, ಪಾಪ.

ಜೆ.ಪಿ. ನಗರದಲ್ಲಿ, ಪುಟ್ಟೇನಹಳ್ಳಿ ಕೆರೆ ಕಡೆ ಇಳಿಯುವ ಒಂದು ಕ್ರಾಸಿನ ಕೊನೆಯಲ್ಲಿ ನಮ್ಮ ಮನೆ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಲೌಸ್ ಹೊಲಿಯುತ್ತೇನೆ. ಜಯನಗರದ ರೇಷ್ಮೆ ಸೀರೆಯ ಅಜ್ಜಿಯರಿಂದ ಹಿಡಿದು ಬಿಟಿಎಂ ಲೇಔಟಿನ ಪಿಜಿ ಹುಡುಗಿಯರವರೆಗೆ ಎಲ್ಲರೂ ಬರುತ್ತಾರೆ. ಹುಡುಗಿಯರಿಗೆ ವರ್ಷಕ್ಕೊಂದು ಬ್ಲೌಸ್, ಆಫೀಸಿನ ಎಥ್ನಿಕ್ ಡೇಗೆ, ಅದೂ ನಾಳೆ ಬೆಳಿಗ್ಗೆಗೇ ಬೇಕು. ಬೈದುಕೊಂಡೇ ಹೊಲಿದುಕೊಡುತ್ತೇನೆ. ನನ್ನ ಗಂಡ ಎಲೆಕ್ಟ್ರಿಷಿಯನ್. ಅವರ ದುಡಿಮೆ ಇದ್ದಷ್ಟು ದಿನ ಇರುತ್ತದೆ, ಇಲ್ಲದ ದಿನ ಇರುವುದಿಲ್ಲ. ಮನೆ ನಡೆದಿರುವುದು ಆ ಮುಂದಿನ ಕೋಣೆಯಿಂದ.

ಇಡೀ ಕ್ರಾಸಿನಲ್ಲಿ ತಗ್ಗಿನಲ್ಲಿರುವುದೂ ಅದೇ ಕೋಣೆ. ಜೋರು ಮಳೆ ಬಂದರೆ ಮೇಲಿನ ರಸ್ತೆಯ ನೀರೆಲ್ಲ ಇಳಿದುಕೊಂಡು ಬಂದು, ಚರಂಡಿಯಲ್ಲಿ ಜಾಗ ಸಿಗದೆ, ನನ್ನ ಬಾಗಿಲಿಗೆ ತಿರುಗುತ್ತದೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಗಂಡನೂ ನಾನೂ ಹೊಲಿಗೆ ಮೆಷಿನ್ನನ್ನು ಕಟಿಂಗ್ ಟೇಬಲ್ ಮೇಲೆ ಎತ್ತಿಟ್ಟು ತಿರುಗುವಷ್ಟರಲ್ಲಿ, ಕೆಳಗಿನ ಖಾನೆಯಲ್ಲಿದ್ದ ಮದುವೆ ಬ್ಲೌಸು ನೆನೆದುಹೋಗಿತ್ತು. ಆರಿ ವರ್ಕ್ ಮಾಡಿಸಿದ ಕೆಂಪು ರೇಷ್ಮೆ. ಮಾರನೆಯ ದಿನ ಮದುಮಗಳ ಅಮ್ಮ ಬಂದರು. ಬೈಯಲಿಲ್ಲ. ಬ್ಲೌಸನ್ನು ಮೂಗಿನ ಹತ್ತಿರ ಹಿಡಿದು ನೋಡಿದರು, ಮಡಚಿದರು, ನನ್ನ ಟೇಬಲ್ ಮೇಲೆ ಇಟ್ಟು ಹೊರಟುಹೋದರು. ಅವರಷ್ಟೇ ಅಲ್ಲ, ಅವರ ನೆಂಟರಿಷ್ಟರು ಯಾರೂ ಮತ್ತೆ ನನ್ನ ಅಂಗಡಿಗೆ ಬಂದಿಲ್ಲ. ಇನ್ನೊಂದು ಮಳೆಗಾಲ ಹೀಗೇ ಆದರೆ ಅಂಗಡಿ ಮುಚ್ಚಬೇಕಾಗುತ್ತದೆ ಅಂತ ನನಗೆ ಗೊತ್ತಿತ್ತು. ಹಾಗಿರುವಾಗ ಮೂರು ವರ್ಷ ಮುಗಿಯುವವರೆಗೆ ಕಾಯಬೇಕಂತೆ!

ಆ ವರ್ಷಗಳಲ್ಲಿ ಹೋಗಿ ಹಿಡಿದು ಕೇಳೋಣವೆಂದರೆ ಕಾರ್ಪೊರೇಟರೂ ಇರಲಿಲ್ಲ, ಚುನಾವಣೆಯೇ ನಡೆದಿರಲಿಲ್ಲ. ಹಾಗಾಗಿ ನಾನು ದೂರಿಕೊಂಡಿದ್ದು ಅಳತೆಗೆ ಬಂದ ಗಿರಾಕಿಗಳ ಹತ್ತಿರ. ಕೈ ಮೇಲೆತ್ತಿ ನಿಂತವರು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಬಹಳಷ್ಟು ಜನ "ಅಯ್ಯೋ, ಎಲ್ಲಾ ಕಡೆ ಹೀಗೇನೇ ಬಿಡಿ" ಅಂದು ತೋಳು ಸ್ವಲ್ಪ ಉದ್ದ ಇಡಿ ಅಂತ ಹೇಳಿ ಹೋದರು. ಹಾಗೆ ಅನ್ನದವರು ಒಬ್ಬರೇ, ನಮ್ಮ ಟೈಪಿಸ್ಟ್ ಆಂಟಿ.

ಆಂಟಿ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ರಿಟೈರ್ ಆದವರು. ಜಯನಗರದಲ್ಲಿ ಮನೆ. ನನ್ನ ಅತಿ ಹಳೆಯ ಗಿರಾಕಿ, ಅತಿ ಕಷ್ಟದ ಗಿರಾಕಿಯೂ ಹೌದು. ಎಡ ಭುಜ ಬಲಕ್ಕಿಂತ ಮುಕ್ಕಾಲು ಇಂಚು ಕೆಳಗಿದೆ. ಅದನ್ನು ಸರಿದೂಗಿಸಿ ಕತ್ತರಿಸದಿದ್ದರೆ ಬ್ಲೌಸು ಜಾರುತ್ತದೆ, ಜಾರಿದರೆ ಆಂಟಿ ಬಿಡುವುದಿಲ್ಲ. ನನ್ನ ಕಥೆಯನ್ನೆಲ್ಲ ಕೇಳಿ ಅವರು ಒಂದೇ ಮಾತು ಕೇಳಿದರು.

"ಅದನ್ನೆಲ್ಲ ಬರೆದು ಕೊಟ್ಟಿದೀಯಾ?"

"ಬಾಯಲ್ಲಿ ಹೇಳ್ದೆ."

"ಬಾಯಲ್ಲಿ ಹೇಳಿದ್ದು ಅವರ ಫ್ಯಾನ್ ಗಾಳಿಗೆ ಹೋಯ್ತು. ಒಂದು ಹಾಳೆ ಕೊಡು."

ಮಾಹಿತಿ ಹಕ್ಕಿನ ಅರ್ಜಿ ಅಂದರೆ ಏನೋ ದೊಡ್ಡ ಲಾಯರ್ ಕೆಲಸ ಅಂದುಕೊಂಡಿದ್ದೆ. ನನ್ನ ಕಟಿಂಗ್ ಟೇಬಲ್ ಮೇಲೆ, ಲೈನಿಂಗ್ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ, ಆಂಟಿ ಅದನ್ನು ಅರ್ಧ ಗಂಟೆಯಲ್ಲಿ ಬರೆದರು. ಕರ್ನಾಟಕದಲ್ಲಿ ಈ ಅರ್ಜಿ ನೂರೈವತ್ತು ಪದ ಮೀರಬಾರದು, ಒಂದೇ ವಿಷಯದ ಬಗ್ಗೆ ಇರಬೇಕು ಅಂತ ನಿಯಮವಿದೆ. ನಾನು ಆ ಮದುವೆ ಬ್ಲೌಸಿನ ವಿಷಯ ಸೇರಿಸಿ ಅಂದೆ, ಆಂಟಿ ಹೊಡೆದುಹಾಕಿದರು. ಎಂಜಿನಿಯರ್ ಕಂಪ್ಯೂಟರಿನಿಂದ ತಲೆಯೇ ಎತ್ತಲಿಲ್ಲ ಅನ್ನುವುದನ್ನು ಬರೆಯಿರಿ ಅಂದೆ, ಅದನ್ನೂ ಹೊಡೆದುಹಾಕಿದರು. "ಸಿಟ್ಟಿಗೆ ಪದ ಖರ್ಚು ಮಾಡ್ಬೇಡ. ಕೆಲಸದ ಆದೇಶ, ಅಳತೆ ಪುಸ್ತಕ, ಬಿಲ್ಲು. ಮೂರು ಕೇಳು ಸಾಕು." ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಅಂಟಿಸಿ, ಆಫೀಸಿನಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದೆವು. ಸೀಲು ಹಾಕಲು ಅವರಿಗೆ ಇಂಕ್ ಪ್ಯಾಡೇ ಸಿಗಲಿಲ್ಲ. ಸಿಗುವವರೆಗೂ ಆಂಟಿ ಕೌಂಟರಿನಿಂದ ಕದಲಲಿಲ್ಲ.

ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅವರು ಇಪ್ಪತ್ತೊಂಬತ್ತನೆಯ ದಿನ ಕೊಟ್ಟರು. ಕೋರಿರುವ ಮಾಹಿತಿಯು ವಿಸ್ತೃತವಾಗಿರುವುದರಿಂದ ಖುದ್ದಾಗಿ ಹಾಜರಾಗಿ ಕಡತವನ್ನು ಪರಿಶೀಲಿಸಬಹುದು, ಅಂತ ಎರಡು ಸಾಲು.

"ಇವಳೆಲ್ಲಿ ಅಂಗಡಿ ಮುಚ್ಚಿ ಬರ್ತಾಳೆ ಅಂತ ಅವರ ಲೆಕ್ಕ," ಅಂದರು ಆಂಟಿ.

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ವಾರವಿತ್ತು. ಆ ಸಮಯದಲ್ಲಿ ನಾನು ಊಟಕ್ಕೂ ಮೆಷಿನ್ ಬಿಟ್ಟು ಏಳುವುದಿಲ್ಲ. ಆದರೂ ಬಾಗಿಲಿಗೆ ಬೀಗ ಹಾಕಿ ಆಂಟಿಯ ಜೊತೆ ಹೋದೆ.

ಕೇಸ್ ವರ್ಕರ್ ಅನ್ನುವ ಗುಮಾಸ್ತರು ಕಡತವನ್ನು ನಮ್ಮ ಮುಂದೆ ಇಟ್ಟರು. ಫ್ಯಾನಿಲ್ಲದ ಮೂಲೆ, ಎರಡು ಸ್ಟೂಲು. ಕಡತದಲ್ಲಿ ಬಹಳಷ್ಟು ಇಂಗ್ಲಿಷ್, ಅದು ಆಂಟಿಯ ಪಾಲು. ನಾನು ಎಳೆದುಕೊಂಡಿದ್ದು ಅಳತೆ ಪುಸ್ತಕವನ್ನು. ಎಂ.ಬಿ. ಅಂತಾರೆ. ಎಂಜಿನಿಯರು ಜಾಗಕ್ಕೆ ಹೋಗಿ, ಆದ ಕೆಲಸವನ್ನು ಅಳೆದು, ಅದರಲ್ಲಿ ಕೈಯಿಂದ ಬರೆಯಬೇಕು. ಅದರಲ್ಲಿ ಬರೆದಷ್ಟಕ್ಕೇ ಗುತ್ತಿಗೆದಾರರಿಗೆ ದುಡ್ಡು. ಉದ್ದ, ಅಗಲ, ಆಳ, ಒಟ್ಟು, ಪ್ರತಿ ಪುಟದಲ್ಲೂ ಇಷ್ಟೇ. ನನಗೆ ಒಂದು ರೀತಿಯ ನೆಮ್ಮದಿಯಾಯಿತು, ನನ್ನ ಕೌಂಟರಿನ ಅಳತೆ ಪುಸ್ತಕವೂ ಇದೇ ತರಹ ಇದೆ.

ನಮ್ಮ ಕ್ರಾಸಿನ ಪುಟ ಸಿಕ್ಕಿತು. ಅಗೆತ ಇಷ್ಟು, ಕಾಂಕ್ರೀಟು ಇಷ್ಟು, ಸ್ಲ್ಯಾಬ್ ಇಷ್ಟು. ಕೊನೆಯಲ್ಲಿ ಒಂದು ಸಾಲಿನ ಪಕ್ಕ ಕಳೆಯುವ ಗುರುತು.

"ಇದೇನು ಆಂಟಿ?"

ಆಂಟಿ ಕನ್ನಡಕ ಸರಿಮಾಡಿಕೊಂಡು ಓದಿದರು. "ಕಳೆಯಿರಿ, ಟ್ರಾನ್ಸ್‌ಫಾರ್ಮರ್ ಕಟ್ಟೆ ಇರುವ ಜಾಗ, ಎರಡು ಮೀಟರ್ ನಲವತ್ತು."

"ಟ್ರಾನ್ಸ್‌ಫಾರ್ಮರಾ? ನಮ್ಮ ಕ್ರಾಸಲ್ಲಾ?"

ನಮ್ಮ ಕ್ರಾಸಿನಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಅದಿರುವುದು ಪಕ್ಕದ ಕ್ರಾಸಿನಲ್ಲಿ, ನಡುಮಧ್ಯೆ, ಬೇಲಿ ಸಮೇತ. ಎಲೆಕ್ಟ್ರಿಷಿಯನ್ನನ ಹೆಂಡತಿ ನಾನು, ಕರೆಂಟ್ ಹೋದಾಗಲೆಲ್ಲ ನನ್ನ ಗಂಡ ಓಡುವುದು ಆ ಕಡೆಗೇ. ನಾನು ಹಿಂದಿನ ಪುಟ ತಿರುಗಿಸಿದೆ. ಅದು ಪಕ್ಕದ ಕ್ರಾಸಿನ ಅಳತೆ. ಅಲ್ಲಿ ನಿಜವಾಗಿಯೂ ಚರಂಡಿ ಕಟ್ಟಿದ್ದಾರೆ, ನಾನೇ ಕಣ್ಣಾರೆ ನೋಡಿದ್ದೇನೆ. ಆ ಪುಟದಲ್ಲೂ ಅದೇ ಉದ್ದ, ಅದೇ ಅಗಲ, ಅದೇ ಆಳ. ಕೊನೆಯಲ್ಲಿ ಅದೇ ಟ್ರಾನ್ಸ್‌ಫಾರ್ಮರ್, ಅದೇ ಎರಡು ಮೀಟರ್ ನಲವತ್ತು.

ನಾನು ಜೋರಾಗಿ ನಕ್ಕೆ. ಇಡೀ ಆಫೀಸು ತಿರುಗಿ ನೋಡಿತು.

"ಆಂಟಿ, ಇದು ನಿಮ್ಮ ಭುಜ!"

ಆಂಟಿಗೆ ಅರ್ಥವಾಗಲಿಲ್ಲ, ಅಲ್ಲೇ ಹೇಳಬೇಕಾಯಿತು. ವರ್ಷಗಳ ಹಿಂದೆ ಇದೇ ಹಬ್ಬದ ಗಡಿಬಿಡಿಯಲ್ಲಿ ನಾನೊಂದು ತಪ್ಪು ಮಾಡಿದ್ದೆ. ಒಬ್ಬ ಹೊಸ ಗಿರಾಕಿಯ ಅಳತೆಯನ್ನು ಸರಿಯಾಗಿ ತೆಗೆದಿರಲಿಲ್ಲ. ಮೈಕಟ್ಟು ನೋಡಿದರೆ ಆಂಟಿಯ ಹಾಗೇ ಇದ್ದಾರೆ, ನಡೆಯುತ್ತೆ ಬಿಡು ಅಂತ ಆಂಟಿಯ ಪುಟವನ್ನೇ ನೋಡಿ ಕತ್ತರಿಸಿದೆ. ಎದೆ ಸರಿಯಾಯಿತು, ಸೊಂಟ ಸರಿಯಾಯಿತು, ತೋಳೂ ಸರಿಯಾಯಿತು. ಆದರೆ ಆಂಟಿಯ ಎಡ ಭುಜಕ್ಕೆ ಕಳೆಯುವ ಮುಕ್ಕಾಲು ಇಂಚನ್ನೂ ನಿಷ್ಠೆಯಿಂದ ಕಳೆದಿದ್ದೆ. ಆ ಹೆಂಗಸು ಹಬ್ಬದ ದಿನವೇ ಬಂದು, ಒಂದು ಕಡೆ ಎಳೆದು ಕೂತ ಬ್ಲೌಸು ತೋರಿಸಿ, ಇದು ಯಾರ ಅಳತೆ ಅಂತ ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ. ಒಬ್ಬರ ಮೈಯಲ್ಲಿರುವ ಕೊರತೆ ಇನ್ನೊಬ್ಬರ ಬ್ಲೌಸಿನಲ್ಲಿ ಕಂಡರೆ ಟೇಪು ಹಿಡಿದೇ ಇಲ್ಲ ಅಂತಲೇ ಅರ್ಥ. ಆ ಗಿರಾಕಿಗೆ ಹೊಸ ಬಟ್ಟೆ ತಂದು ಮತ್ತೆ ಹೊಲಿದುಕೊಟ್ಟಿದ್ದೆ. ಇವರು ಯಾರಿಗೆ ಏನು ಹೊಲಿದುಕೊಡುತ್ತಾರೆ?

ಎರಡೂ ಪುಟಗಳ ದೃಢೀಕೃತ ಪ್ರತಿ ಬೇಕು ಅಂದೆವು. ಕೇಸ್ ವರ್ಕರ್ ಸಾಹೇಬರ ಕಡೆ ನೋಡಿದರು. ಸಾಹೇಬರು ಆ ದಿನ ಮೊದಲ ಬಾರಿಗೆ ಕಂಪ್ಯೂಟರಿನಿಂದ ತಲೆ ಎತ್ತಿದರು.

"ಅದು ಟೈಪಿಂಗ್ ಮಿಸ್ಟೇಕ್ ಇರಬಹುದು ಮೇಡಂ."

ಆಂಟಿ ತಮ್ಮ ಇಡೀ ಸರ್ವೀಸನ್ನು ಟೈಪ್‌ರೈಟರ್ ಮುಂದೆ ಕಳೆದವರು. "ಕೈಬರಹದಲ್ಲಿ ಟೈಪಿಂಗ್ ಮಿಸ್ಟೇಕಾ? ಯಾವ ಮೆಷಿನ್ನಪ್ಪಾ ಅದು, ನನಗೂ ತೋರಿಸು," ಅಂದರು.

ಪ್ರತಿ ಸಿಕ್ಕಿತು. ಅದನ್ನು ಲಗತ್ತಿಸಿ ಮೇಲಿನ ಎಂಜಿನಿಯರಿಗೆ ದೂರು ಕೊಟ್ಟೆವು. ಎಲ್ಲರ ಎದುರು ಸ್ಥಳ ಪರಿಶೀಲನೆ ಮಾಡಿ, ಕೆಲಸ ಆಗಿದೆಯೋ ಇಲ್ಲವೋ ಅಂತ ಬರವಣಿಗೆಯಲ್ಲಿ ಕೊಡಿ ಅಂತ ಅದರಲ್ಲಿ ಕೇಳಿದ್ದೆವು. ಅಲೆದಾಟದ ಕಥೆ ಬೇಡ, ಅದು ಎಲ್ಲರಿಗೂ ಗೊತ್ತಿರುವುದೇ. ಕೊನೆಗೆ ಒಂದು ಸೋಮವಾರಕ್ಕೆ ತಾರೀಖು ಕೊಟ್ಟು ಕಾಗದ ಬಂತು.

ಅದಕ್ಕೆ ನಾಲ್ಕು ದಿನ ಮುಂಚೆ ಸಾಹೇಬರು ನನ್ನ ಅಂಗಡಿಗೇ ಬಂದರು. ಜೊತೆಗೆ ಗುತ್ತಿಗೆದಾರ. ನಾನು ಇಬ್ಬರಿಗೂ ಸ್ಟೂಲು ಕೊಟ್ಟೆ. ಸಾಹೇಬರಿಗೆ ವಯಸ್ಸು ಮೂವತ್ತೈದು ದಾಟಿರಲಾರದು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು.

"ಎರಡು ವಾರ್ಡು ಒಬ್ಬನೇ ನೋಡ್ತಿದೀನಿ ಮೇಡಂ. ಎಲ್ಲಾ ಜಾಗಕ್ಕೂ ಹೋಗಿ ಅಳೆಯಕ್ಕೆ ಎಲ್ಲಾಗತ್ತೆ? ಅರ್ಥ ಮಾಡ್ಕೊಳ್ಳಿ."

ನನಗೆ ಅರ್ಥವಾಗದೇ ಇರಲಿಲ್ಲ. ಹಬ್ಬದ ಗಡಿಬಿಡಿ ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ನಾನು ಆ ಹಾಳು ಬ್ಲೌಸಿಗೆ ಕೂಲಿ ತೆಗೆದುಕೊಂಡಿರಲಿಲ್ಲ.

ಗುತ್ತಿಗೆದಾರ ಮುಂದೆ ಬಾಗಿ ಮಾತು ತೆಗೆದ. "ಅಕ್ಕಾ, ನಿಮ್ಮ ಅಂಗಡಿ ಮುಂದೆ ಇಪ್ಪತ್ತು ಅಡಿ ಫಸ್ಟ್ ಕ್ಲಾಸಾಗಿ ಮಾಡಿಕೊಡ್ತೀನಿ. ನೀರು ಒಂದು ಹನಿ ಒಳಗೆ ಬರಲ್ಲ. ಆ ಅರ್ಜಿ ಒಂದು ವಾಪಸ್ ತಗೊಂಡ್ಬಿಡಿ."

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಆಸೆಯಾಯಿತು. ನನಗೆ ಬೇಕಿದ್ದದ್ದು ಅದೇ ತಾನೆ? ಕೋಣೆ ಒಣಗಿರುವುದು, ಅಷ್ಟೇ. ಮಿಕ್ಕ ಕ್ರಾಸು ನನ್ನ ತಲೆನೋವೇ? ಆಮೇಲೆ ಯೋಚನೆ ಬಂತು, ನನ್ನ ಇಪ್ಪತ್ತು ಅಡಿಗೆ ಬಂದ ನೀರು ಮುಂದೆ ಎಲ್ಲಿಗೆ ಹೋಗುತ್ತದೆ? ಇಪ್ಪತ್ತು ಅಡಿಯ ಚರಂಡಿ ಅಂದರೆ ಅದು ತೊಟ್ಟಿ.

"ವಾಪಸ್ ತಗೊಳಲ್ಲ," ಅಂದೆ.

ಸಾಹೇಬರು ಎದ್ದು ಬಾಗಿಲಲ್ಲಿ ನಿಂತರು. ಹೊರಗೆ ಕೆಳಗೆ ನೋಡಿದರು. "ಈ ಮೆಟ್ಟಿಲು ಚರಂಡಿ ಮೇಲಿದೆ. ಒತ್ತುವರಿ ಇದು. ಪರಿಶೀಲನೆಗೆ ಬಂದವರು ಇದನ್ನೂ ನೋಡ್ತಾರೆ. ನಿಮ್ಮೊಬ್ಬರದೇ ಅಲ್ಲ, ಸಾಲಾಗಿ ಎಲ್ಲಾ ಮನೆಯದೂ ಒಡೀಬೇಕಾಗತ್ತೆ. ಯೋಚನೆ ಮಾಡಿ."

ಹೇಳಿ ಹೋದರು. ಆ ಮಾತು ಸಂಜೆಯೊಳಗೆ ಇಡೀ ಕ್ರಾಸನ್ನು ಸುತ್ತಿ ಬಂತು, ಯಾರು ಸುತ್ತಿಸಿದರು ಅಂತ ಹೇಳಬೇಕಾಗಿಲ್ಲ. ಎದುರು ಮನೆಯ ಹಾಲಿನ ಬೂತಿನ ಅಣ್ಣ ಮೊದಲು ಬಂದರು. ಅವರ ಬೂತು ನಿಂತಿರುವುದೇ ಚರಂಡಿಯ ಮೇಲಿನ ಎರಡು ಚಪ್ಪಡಿಗಳ ಮೇಲೆ.

"ಅಕ್ಕಾ, ಇದೆಲ್ಲ ನಮಗೆ ಬೇಕಾ? ಮಳೆ ವರ್ಷಕ್ಕೆ ನಾಕು ದಿನ ಬರತ್ತೆ. ಹೊಟ್ಟೆ ದಿನಾ ಕೇಳತ್ತೆ."

"ಅಣ್ಣ, ನಿಮ್ಮ ಹೆಸರಲ್ಲೂ ಚರಂಡಿ ಬರೆದು ತಿಂದಿದಾರೆ."

"ತಿನ್ನಲಿ ಬಿಡಿ. ಒಡೆಯಲ್ವಲ್ಲ."

ಅವರ ಮೇಲೆ ನನಗೆ ಸಿಟ್ಟು ಬಂತು. ಆದರೆ ಅವರು ಹೋದ ಮೇಲೆ ಬಾಗಿಲಿಗೆ ಬಂದು ನನ್ನ ಮೆಟ್ಟಿಲನ್ನೇ ನೋಡುತ್ತಾ ನಿಂತೆ. ನಾವು ಮನೆ ಕಟ್ಟಿಸಿದಾಗ ಗಂಡನೇ ನಿಂತು ಹಾಕಿಸಿದ ಗ್ರಾನೈಟ್ ಮೆಟ್ಟಿಲು. ಎರಡು ಪಾವಟಿಗೆ, ಪಕ್ಕದಲ್ಲಿ ಸ್ಕೂಟರ್ ಹತ್ತಿಸಲು ಇಳಿಜಾರು. ಟೇಪು ಹಿಡಿದೆ. ನಮ್ಮ ಗೋಡೆಯಿಂದ ಆಚೆಗೆ ಎರಡು ಅಡಿ ಏಳು ಇಂಚು. ಸಾಹೇಬರು ಹೇಳಿದ್ದು ನಿಜ. ಆ ಜಾಗ ನನ್ನದಲ್ಲ. ಹೂಳು ತೆಗೆಯಲು ಗುದ್ದಲಿ ಇಳಿಯದ ಹಾಗೆ ಮಾಡಿದ ತಪ್ಪಿನಲ್ಲಿ ಎರಡು ಅಡಿ ಏಳು ಇಂಚು ನನ್ನ ಪಾಲೂ ಇತ್ತು. ಇಷ್ಟು ವರ್ಷ ದಿನಕ್ಕೆ ಹತ್ತು ಸಲ ಹತ್ತಿ ಇಳಿದರೂ ಒಂದು ಸಲವೂ ಅಳೆದಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಮತ್ತೆ ಸಿಟ್ಟು ಬಂತು, ಈ ಸಲ ಒಳ್ಳೇ ಉಪಯೋಗದ ಸಿಟ್ಟು. ನನ್ನನ್ನು ಹಿಡಿದುಕೊಳ್ಳಲು ಅವರಿಗೆ ಸಿಕ್ಕಿರುವ ಜುಟ್ಟು ಈ ಮೆಟ್ಟಿಲು ತಾನೆ? ಅದನ್ನೇ ಬೋಳಿಸಿಬಿಟ್ಟರೆ?

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು.

"ಹಾಕ್ಸಿದ್ದು ನಾನು," ಅಂದರು. "ಒಡೆಯೋರನ್ನೂ ನಾನೇ ಕರ್ಕೊಂಡ್ ಬರ್ತೀನಿ. ಗಿರಾಕಿಗಳು ಹೇಗೆ ಹತ್ತಿ ಬರ್ತಾರೆ, ಅದು ನೀನು ನೋಡ್ಕೋ."

ಭಾನುವಾರ ಬೆಳಿಗ್ಗೆ ಗಾರೆಯವರು ಸುತ್ತಿಗೆ, ಹಾರೆ ಹಿಡಿದು ಬಂದರು. ಮೊದಲ ಏಟಿಗೇ ಕ್ರಾಸಿನ ಕಿಟಕಿಗಳೆಲ್ಲ ತೆರೆದುಕೊಂಡವು. ಗ್ರಾನೈಟು ಬಿರುಕು ಬಿಟ್ಟಿತು. ಆ ಕಲ್ಲನ್ನು ಆರಿಸಿ ತರಲು ನಾವಿಬ್ಬರೂ ಬನಶಂಕರಿಯಿಂದಾಚೆ ಎಲ್ಲೆಲ್ಲಿ ಸುತ್ತಿದ್ದೆವು! ಒಂದು ಗಂಟೆಯಲ್ಲಿ ಮೆಟ್ಟಿಲು ಎರಡು ಬುಟ್ಟಿ ಚೂರಾಯಿತು. ಅದರ ಕೆಳಗೆ ಏನಿತ್ತು ಅಂತ ಎಲ್ಲರೂ ಬಗ್ಗಿ ನೋಡಿದರು. ಆರ್‌ಸಿಸಿ ಇರಲಿಲ್ಲ. ಬಡಾವಣೆ ಆದ ಕಾಲದ ಸೈಜುಗಲ್ಲು, ಅದರ ಮೇಲೆ ಕಪ್ಪು ಹೂಳು, ಹೂಳಿನಲ್ಲಿ ಹಾಲಿನ ಕವರುಗಳು.

ಹಾಲಿನ ಬೂತಿನ ಅಣ್ಣ ರಸ್ತೆಯ ಆ ಬದಿಯಿಂದ ಕೂಗಿ ಕೇಳಿದರು. "ಅಕ್ಕಾ, ಇದೇನ್ ಮಾಡ್ಬಿಟ್ರಿ?"

"ನನ್ನ ಪಾಲಿಂದು ನಾನು ಬಿಟ್ಟೆ ಅಣ್ಣ. ಇನ್ನು ಅವರ ಪಾಲು ಕೇಳ್ತೀನಿ."

ಅವರು ಒಳಗೆ ಹೋದರು.

ಸೋಮವಾರ ಹನ್ನೊಂದು ಗಂಟೆಗೆ ಬರಬೇಕಾದವರು ಹನ್ನೆರಡೂವರೆಗೆ ಬಂದರು. ಮೇಲಿನ ಎಂಜಿನಿಯರಿಗೆ ರಿಟೈರ್ ಆಗುವ ವಯಸ್ಸು, ನೆತ್ತಿಯ ಮೇಲೆ ಕರವಸ್ತ್ರ. ಜೊತೆಗೆ ನಮ್ಮ ಸಾಹೇಬರು, ಕೇಸ್ ವರ್ಕರ್, ಒಂದು ಪ್ಯಾಡಿನ ಮೇಲೆ ಮಹಜರಿನ ಹಾಳೆ. ನಮ್ಮ ಕಡೆ ನಾನು, ಆಂಟಿ, ಕೆಲಸ ಬಿಟ್ಟು ಬಂದಿದ್ದ ನನ್ನ ಗಂಡ. ಹಿರಿಯರು ನನ್ನ ಅಂಗಡಿ ಮುಂದಿನ ಹಳ್ಳದಲ್ಲಿ ಇಣುಕಿ ನೋಡಿದರು, ನಮ್ಮ ಸಾಹೇಬರ ಮುಖ ನೋಡಿದರು, ಆಕಾಶ ನೋಡಿದರು. ಆಮೇಲೆ ಕೇಸ್ ವರ್ಕರಿಗೆ ಹೇಳಿ ಬರೆಸತೊಡಗಿದರು.

"ಸ್ಥಳ ಪರಿಶೀಲಿಸಲಾಗಿ, ಸಾರ್ವಜನಿಕರ ಒತ್ತುವರಿಯ ಕಾರಣದಿಂದ ಕಾಮಗಾರಿಯು ಭಾಗಶಃ ಪೂರ್ಣಗೊಂಡಿರುವುದು ಕಂಡುಬಂದಿರುತ್ತದೆ. ಇಲ್ಲಿ ಸೈನ್ ಮಾಡಮ್ಮ."

ಪೆನ್ನು ನನ್ನ ಕೈಗೆ ಬಂತು. ಆಂಟಿ ನನ್ನ ಬೆನ್ನಿಗೆ ಮೆಲ್ಲಗೆ ತಿವಿದರು. ತಿವಿಯಬೇಕಾಗಿರಲಿಲ್ಲ.

"ಯಾವ ಭಾಗ ಸಾರ್?"

"ಅಂದ್ರೆ?"

"ಭಾಗಶಃ ಆಗಿದೆ ಅಂದ್ರಲ್ಲ. ಯಾವ ಭಾಗ ಆಗಿದೆ, ತೋರಿಸಿ. ಅಲ್ಲೇ ನಿಂತು ಸೈನ್ ಮಾಡ್ತೀನಿ."

"ನೋಡಮ್ಮ, ಅದೊಂದು ಪದ ಅಷ್ಟೇ. ಎಲ್ಲಾ ರಿಪೋರ್ಟಲ್ಲೂ ಹಾಗೇ ಬರೆಯೋದು."

ನಾನು ಕಲಿತದ್ದು ಇಷ್ಟು: ಭಾಗಶಃ ಅಂತ ಬರೆದರೆ ನಮ್ಮ ಕ್ರಾಸಿನಲ್ಲಿ ಕೆಲಸ ಆದಂತೆಯೇ. ಮೂರು ವರ್ಷದ ನಿಯಮ ಹಾಗೇ ಉಳಿಯುತ್ತದೆ, ತಪ್ಪು ನಮ್ಮ ಮೆಟ್ಟಿಲುಗಳ ತಲೆಗೆ ಬರುತ್ತದೆ, ನನ್ನ ಕೋಣೆಗೆ ನೀರು ಬರುತ್ತದೆ. ಪೆನ್ನನ್ನು ಅವರ ಕೈಗೇ ವಾಪಸ್ ಕೊಟ್ಟೆ. "ಬನ್ನಿ ಸಾರ್, ಭಾಗ ಹುಡುಕೋಣ," ಅಂತ ಹೇಳಿ ಮೇಲ್ಗಡೆ ನಡೆಯತೊಡಗಿದೆ. ಅವರು ಬರದೇ ವಿಧಿಯಿರಲಿಲ್ಲ, ಕಿಟಕಿಗಳಲ್ಲಿ ಜನ ಇದ್ದರು. ಪ್ರತಿ ಮನೆ ಮುಂದೆ ನಿಂತು ಕೇಳಿದೆ, ಇಲ್ಲಿ ಇದೆಯಾ ಸಾರ್? ಇಲ್ಲಿ? ಮೂರನೆಯ ಮನೆಯ ಹೊತ್ತಿಗೆ ನಮ್ಮ ಸಾಹೇಬರು ಉಸಿರು ಬಿಟ್ಟು ಹೇಳಿದರು.

"ಇಲ್ಲೆಲ್ಲಾ ಸ್ಲ್ಯಾಬ್ ಕೆಳಗಿದೆ ಸಾರ್. ಮೇಲೆ ಇವರೆಲ್ಲ ಮೆಟ್ಟಿಲು ಹಾಕ್ಕೊಂಡಿದಾರೆ, ಅದಕ್ಕೇ ಕಾಣಲ್ಲ."

ನನ್ನದನ್ನು ಒಡೆದು ತೋರಿಸಿದ್ದೆ, ಮಿಕ್ಕವರದನ್ನು ಒಡೆಯುವ ಹಕ್ಕು ನನಗೆಲ್ಲಿದೆ? ಹಿರಿಯರು ತಲೆಯಾಡಿಸಿದರು. ಕೇಸ್ ವರ್ಕರ್ ಪ್ಯಾಡನ್ನು ಮತ್ತೆ ನನ್ನ ಕಡೆ ಚಾಚಿದರು.

ಆಗ ಹಿಂದೆ ಕಲ್ಲು ಉಜ್ಜುವ ಸದ್ದಾಯಿತು. ಹಾಲಿನ ಬೂತಿನ ಅಣ್ಣ ತಮ್ಮ ಬೂತಿನ ಮುಂದಿನ ಚಪ್ಪಡಿಯ ಕೆಳಗೆ ಹಾರೆ ಕೊಟ್ಟಿದ್ದರು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ನನ್ನ ಗಂಡ ಓಡಿ ಹೋಗಿ ಇನ್ನೊಂದು ತುದಿ ಹಿಡಿದರು. ಚಪ್ಪಡಿ ಎದ್ದು ಪಕ್ಕಕ್ಕೆ ವಾಲಿತು.

"ಬಂದು ನೋಡಿ ಸಾರ್," ಅಂದರು ಅಣ್ಣ, ಏದುಸಿರು ಬಿಡುತ್ತಾ. "ನನ್ನ ಒತ್ತುವರಿ ನಾನೇ ತೋರಿಸ್ತಿದೀನಿ. ನಿಮ್ಮ ಆರ್‌ಸಿಸಿ ನೀವು ತೋರಿಸಿ."

ಅಲ್ಲೂ ಅದೇ ಸೈಜುಗಲ್ಲು, ಅದೇ ಹೂಳು. ಮೂಗು ಮುಚ್ಚಿಕೊಳ್ಳುವ ಹಾಗಿತ್ತು. ಮೇಲಿನ ಮನೆಯವರು ಗೇಟಿನಿಂದ ಹೊರಗೆ ಬಂದು, ತಮ್ಮದನ್ನೂ ಎತ್ತಬೇಕೇ ಅಂತ ಕೇಳಿದರು. ಆಂಟಿ ಬ್ಯಾಗಿನಿಂದ ಆ ಎರಡು ಪುಟಗಳ ಪ್ರತಿ ತೆಗೆದು ಹಿರಿಯರ ಮುಂದೆ ಹಿಡಿದರು. "ಟ್ರಾನ್ಸ್‌ಫಾರ್ಮರ್ ಕೂಡ ಎಲ್ಲಾದರೂ ಕೆಳಗಿದೆಯಾ ಕೇಳಿ ಸಾರ್," ಅಂದರು.

ಹಿರಿಯರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಎರಡೂ ಪುಟಗಳನ್ನು ನಿಧಾನವಾಗಿ ಓದಿದರು. ನಮ್ಮ ಸಾಹೇಬರ ಕಡೆ ಈ ಸಲ ನೋಡಲಿಲ್ಲ. ಕೇಸ್ ವರ್ಕರಿನಿಂದ ಪ್ಯಾಡು ತೆಗೆದುಕೊಂಡು, ಭಾಗಶಃದ ಸಾಲನ್ನು ಇಡೀ ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಕೆಳಗೆ ತಮ್ಮ ಕೈಯಿಂದಲೇ ಬರೆದರು. ಸದರಿ ಕ್ರಾಸಿನಲ್ಲಿ ಕಾಮಗಾರಿ ನಡೆದಿರುವುದಿಲ್ಲ. ಅಳತೆ ಪುಸ್ತಕದ ನಮೂದು ಸ್ಥಳಕ್ಕೆ ತಾಳೆಯಾಗುವುದಿಲ್ಲ.

ನಾನು ಎರಡು ಸಲ ಓದಿದೆ. ಆಂಟಿ ಒಂದು ಸಲ ಓದಿದರು. ಸಹಿ ಹಾಕಿದೆ, ಅಣ್ಣನೂ ಹಾಕಿದರು.

"ಸಮಾಧಾನ ಆಯ್ತಾಮ್ಮ?" ಅಂದರು ಹಿರಿಯರು, ಸಾಕಾಗಿದ್ದ ದನಿಯಲ್ಲಿ. "ಇಷ್ಟು ದಿನ ಕಾಗದದಲ್ಲಾದರೂ ನಿಮಗೊಂದು ಚರಂಡಿ ಇತ್ತು. ಇವತ್ತಿಂದ ಅದೂ ಇಲ್ಲ."

"ಹೌದು ಸಾರ್," ಅಂದೆ. ಬೆಳಿಗ್ಗೆಯೇ ಟೈಪ್ ಮಾಡಿಸಿ ಇಟ್ಟುಕೊಂಡಿದ್ದ ಅರ್ಜಿಯನ್ನು ಅವರ ಕೈಗೆ ಕೊಟ್ಟೆ. ನಮ್ಮ ಕ್ರಾಸಿನಲ್ಲಿ ಚರಂಡಿ ಇರುವುದಿಲ್ಲ, ಈ ವರ್ಷವೇ ಕಟ್ಟಿಸಿಕೊಡಬೇಕು, ಅಂತ ಅದರಲ್ಲಿತ್ತು. "ಇಲ್ಲ ಅಂತ ಈಗ ತಾನೇ ನೀವೇ ಬರೆದಿದೀರಿ. ತಗೊಂಡಿದೀನಿ ಅಂತ ಇದರ ಮೇಲೊಂದು ಸೈನ್ ಹಾಕಿ."

ಹಾಕಿದರು.